ಪ್ಲೇಗಿನ ನೆನಪು ಮತ್ತು ಬೆಂಗಳೂರು ನಗರದ ರಚನೆ

ನಗರಗಳು ತಾವು ಕಂಡ ದುರಂತಗಳನ್ನು ನೆನಪಿನಲ್ಲಿ ಉಳಿಸಿಕೊಳ್ಳುವ ಬಗೆ ಒಂದೇ ತೆರನಾದುದಲ್ಲ. 1945ರ ಅಣುಬಾಂಬಿನ ದಾಳಿಯಲ್ಲಿ ಗೋಡೆ ಮತ್ತು ಗುಮ್ಮಟದ ಎಲುಬುಗಳಷ್ಟೇ ಉಳಿದ ಒಂದು ಕಟ್ಟಡವನ್ನು ಹಿರೋಷಿಮಾ ನಗರ ಹಾಗೆಯೇ ಕಾಪಾಡಿಕೊಂಡು ಬಂದಿದೆ. ಅಮೃತಸರದ ಜಲಿಯನ್‌ವಾಲಾ ಬಾಗಿನ ಗೋಡೆಗಳ ಮೇಲೆ 1919ರ ಗುಂಡಿನ ಗುರುತುಗಳನ್ನು ಇಂದಿಗೂ ತೋರಿಸಲಾಗುತ್ತದೆ. ಬೆಂಗಳೂರು 1898ರಲ್ಲಿ ಎದುರಿಸಿದ ಪ್ಲೇಗಿಗೆ ಇಂಥ ಪ್ರಸಿದ್ಧ ಸ್ಮಾರಕವಿಲ್ಲ. ನಗರದ ಶಾಲಾಮಕ್ಕಳು ವರ್ಷಕ್ಕೊಮ್ಮೆ ಹೂವಿಡುವ ಕಂಬವೂ ಇಲ್ಲ. ಆದರೂ ಈ ನಗರ ಆ ದುರಂತವನ್ನು ಮರೆತಿದೆ ಎನ್ನಲಾಗದು. ಮಲ್ಲೇಶ್ವರದ ನೇರ ಬೀದಿಗಳಲ್ಲಿ, ಬಸವನಗುಡಿಯ ಮನೆಗಳ ಹಿಂದಿನ ಓಣಿಗಳಲ್ಲಿ, ತ್ಯಾಗರಾಜನಗರದ ಪ್ಲೇಗಮ್ಮನ ಗುಡಿಯಲ್ಲಿ ಅದರ ನೆನಪು ಬೇರೆ ಬೇರೆ ರೂಪದಲ್ಲಿ ಉಳಿದಿದೆ. ಈ ರೂಪಗಳು ಯಾವುವು, ಅವು ಯಾರ ನೆನಪನ್ನು ಉಳಿಸಿವೆ ಮತ್ತು ಯಾರನ್ನು ಹೊರಗಿಟ್ಟಿವೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ರೋಗ ಬಂದ ದಾರಿ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಗತ್ತನ್ನು ಆವರಿಸಿದ ಪ್ಲೇಗು 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಾಣಿಸಿಕೊಂಡಿತು. ಅದೇ ವರ್ಷ ಅಲೆಕ್ಸಾಂಡ್ರ್ ಯೆರ್ಸಿನ್ ಎಂಬ ವಿಜ್ಞಾನಿ ಅಲ್ಲಿ ರೋಗಾಣುವನ್ನು ಗುರುತಿಸಿದನು. 1896ರಲ್ಲಿ ರೋಗ ಮುಂಬಯಿಯನ್ನು ತಲುಪಿತು. ಅಲ್ಲಿಂದ ಮುಂದೆ ಅದು ಹರಡಿದ ದಾರಿ ಬಹುಮಟ್ಟಿಗೆ ವ್ಯಾಪಾರದ ದಾರಿ, ಅಂದರೆ ಧಾನ್ಯದ ಮೂಟೆಗಳು ಮತ್ತು ಪ್ರಯಾಣಿಕರು ಸಾಗುತ್ತಿದ್ದ ರೈಲು ಮಾರ್ಗ. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಹುಬ್ಬಳ್ಳಿ ತೀವ್ರ ಹಾನಿಗೆ ಒಳಗಾದ ಪಟ್ಟಣಗಳಲ್ಲಿ ಒಂದು. ಹುಬ್ಬಳ್ಳಿಯಿಂದ ಹರಿಹರದ ಮೂಲಕ ಬೆಂಗಳೂರಿಗೆ ಬರುತ್ತಿದ್ದ ಮೀಟರ್ ಗೇಜ್ ಮಾರ್ಗ ಮೈಸೂರು ಸಂಸ್ಥಾನಕ್ಕೆ ರೋಗವನ್ನು ತಂದ ಮುಖ್ಯ ದ್ವಾರವಾಯಿತು. 1898ರ ಆಗಸ್ಟ್ ತಿಂಗಳಲ್ಲಿ, ಹುಬ್ಬಳ್ಳಿಯಿಂದ ಬಂದ ರೈಲ್ವೆ ಅಧಿಕಾರಿಯೊಬ್ಬನ ಮನೆಯಾಳಿನಲ್ಲಿ ರೋಗ ಕಾಣಿಸಿಕೊಂಡುದು ಬೆಂಗಳೂರಿನ ಮೊದಲ ಪ್ರಕರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ.

ಆಗಿನ ಬೆಂಗಳೂರು ಒಂದೇ ಆಡಳಿತಕ್ಕೆ ಒಳಪಟ್ಟ ಊರಾಗಿರಲಿಲ್ಲ. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆನ್ನಲಾದ ಪೇಟೆ ಮೈಸೂರು ಸಂಸ್ಥಾನದ ಅಧೀನದಲ್ಲಿತ್ತು. ಅದರ ಈಶಾನ್ಯಕ್ಕೆ ಬೆಳೆದ ದಂಡುಪ್ರದೇಶ ಬ್ರಿಟಿಷ್ ರೆಸಿಡೆಂಟನ ಅಧೀನದಲ್ಲಿತ್ತು. ಎರಡಕ್ಕೂ ಬೇರೆ ಪುರಸಭೆ, ಬೇರೆ ಆರೋಗ್ಯಾಧಿಕಾರಿಗಳು. ಈ ಎರಡು ಭಾಗಗಳು ಒಂದೇ ನಗರಪಾಲಿಕೆಯ ಆಡಳಿತಕ್ಕೆ ಬಂದದ್ದು 1949ರಲ್ಲಿ. ಆದರೆ ರೋಗಕ್ಕೆ ಆಡಳಿತದ ಗಡಿ ಅಡ್ಡಿಯಾಗಲಿಲ್ಲ.

ಪೇಟೆಯ ರಚನೆ ರೋಗಕ್ಕೆ ಅನುಕೂಲವಾಗಿತ್ತು. ತರಗುಪೇಟೆ, ಅಕ್ಕಿಪೇಟೆ, ರಾಗಿಪೇಟೆ, ಗಾಣಿಗರಪೇಟೆ ಎಂಬ ಹೆಸರುಗಳೇ ಸೂಚಿಸುವಂತೆ ಅದು ವೃತ್ತಿ ಮತ್ತು ಸರಕಿಗೆ ಅನುಗುಣವಾಗಿ ವಿಂಗಡಣೆಗೊಂಡ ಊರು. ಕೆಳಗೆ ಅಂಗಡಿ, ಒಳಗೆ ಉಗ್ರಾಣ, ಹಿಂದೆ ಅಥವಾ ಮೇಲೆ ವಾಸದ ಮನೆ. ಒಂದರ ಗೋಡೆಗೆ ಇನ್ನೊಂದರ ಗೋಡೆ ತಾಗಿದ್ದ ಈ ಕಟ್ಟಡಗಳಲ್ಲಿ ಧಾನ್ಯವಿದ್ದೆಡೆ ಇಲಿಗಳಿದ್ದವು. ಪ್ಲೇಗು ಮೂಲತಃ ಇಲಿಗಳ ರೋಗ. ಇಲಿ ಸತ್ತಾಗ ಅದರ ಮೈಮೇಲಿನ ಚಿಗಟ ಹೊಸ ಆಸರೆಯನ್ನು ಹುಡುಕುತ್ತ ಮನುಷ್ಯನನ್ನು ಕಚ್ಚುತ್ತದೆ. ಜ್ವರದೊಡನೆ ತೊಡೆಸಂದಿನಲ್ಲೋ ಕಂಕುಳಿನಲ್ಲೋ ಗಡ್ಡೆ ಏಳುತ್ತದೆ. ಕಾರಣವನ್ನು ಅರಿಯದಿದ್ದರೂ ಜನ ಈ ಅನುಕ್ರಮವನ್ನು ಕಂಡುಕೊಂಡಿದ್ದರು. ಮನೆಯ ಜಂತೆಯಿಂದ ಇಲಿ ಕೆಳಗೆ ಬಿದ್ದು ಸತ್ತರೆ ಮನೆ ಬಿಡಬೇಕೆಂಬುದು ಅನುಭವದಿಂದ ಬಂದ ತಿಳಿವಳಿಕೆ. ‘ಇಲಿ ಬಿತ್ತು’ ಎಂಬ ಎರಡು ಪದಗಳು ಹಳೆಯ ಮೈಸೂರಿನ ಊರುಗಳಲ್ಲಿ ಪ್ಲೇಗಿನ ಆಗಮನವನ್ನು ಸಾರುವ ಮಾತಾಗಿ ಬಳಕೆಗೆ ಬಂದವು.

ಆಡಳಿತದ ಕ್ರಮ ಮತ್ತು ಜನರ ಭಯ

ಬ್ರಿಟಿಷ್ ಭಾರತದಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅಧಿಕಾರಿಗಳಿಗೆ ಅಸಾಧಾರಣ ಅಧಿಕಾರವನ್ನು ನೀಡಿತ್ತು. ಮನೆಗಳನ್ನು ಶೋಧಿಸುವುದು, ರೋಗಿಗಳನ್ನು ಬಲವಂತವಾಗಿ ಆಸ್ಪತ್ರೆಗೆ ಸಾಗಿಸುವುದು, ಅವರ ಸಂಪರ್ಕದಲ್ಲಿದ್ದವರನ್ನು ಶಿಬಿರಗಳಲ್ಲಿಡುವುದು, ಬಟ್ಟೆಬರೆಗಳನ್ನು ಸುಡುವುದು, ರೈಲು ನಿಲ್ದಾಣಗಳಲ್ಲಿ ಪ್ರಯಾಣಿಕರ ದೇಹ ತಪಾಸಣೆ ಮಾಡುವುದು ಆ ಕಾಲದ ಕ್ರಮಗಳು. ಇಂಥ ಕ್ರಮಗಳ ಕಠೋರತೆಯಿಂದ ಕೆರಳಿದ ಪುಣೆಯಲ್ಲಿ 1897ರ ಜೂನ್ 22ರಂದು ಪ್ಲೇಗು ಅಧಿಕಾರಿ ರ್‍ಯಾಂಡ್ ಮೇಲೆ ಚಾಫೇಕರ್ ಸೋದರರು ಗುಂಡು ಹಾರಿಸಿದ ಘಟನೆ ಇತಿಹಾಸಪ್ರಸಿದ್ಧ.

ಮೈಸೂರು ಸಂಸ್ಥಾನದಲ್ಲಿ ಆಗ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿದ್ದರು, ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದರು. ಪ್ಲೇಗು ನಿವಾರಣೆಯ ಹೊಣೆಯನ್ನು ಪ್ಲೇಗು ಕಮಿಷನರ್ ಆಗಿ ನೇಮಕಗೊಂಡ ವಿ.ಪಿ. ಮಾಧವರಾವ್ ಅವರಿಗೆ ವಹಿಸಲಾಯಿತು. ಇವರು ಮುಂದೆ 1906ರಲ್ಲಿ ದಿವಾನರಾದರು. ಸಂಸ್ಥಾನದಲ್ಲಿಯೂ ಶಿಬಿರಗಳು, ಮನೆಗಳ ಶುದ್ಧೀಕರಣ, ಪ್ರಯಾಣಿಕರ ತಪಾಸಣೆ ಜಾರಿಗೆ ಬಂದವು. ಜನರಲ್ಲಿ ರೋಗದ ಭಯದಷ್ಟೇ ಶಿಬಿರದ ಭಯವೂ ಇತ್ತು. ಒಮ್ಮೆ ಕರೆದೊಯ್ದವರು ಹಿಂದಿರುಗುವುದಿಲ್ಲ, ಜಾತಿಯ ಕಟ್ಟಳೆ ಉಳಿಯುವುದಿಲ್ಲ, ಸತ್ತವರಿಗೆ ಸಂಸ್ಕಾರ ಸಿಗುವುದಿಲ್ಲ ಎಂಬ ಆತಂಕದಿಂದ ರೋಗಿಗಳನ್ನೂ ಶವಗಳನ್ನೂ ಬಚ್ಚಿಡುವುದು ಆ ಕಾಲದಲ್ಲಿ ಎಲ್ಲೆಡೆ ಕಂಡುಬಂದ ಪ್ರವೃತ್ತಿ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿ 1898ರಲ್ಲಿಯೇ ಪ್ಲೇಗು ಕ್ರಮಗಳ ವಿರುದ್ಧ ಗಲಭೆ ನಡೆದುದು, ಸಂಸ್ಥಾನದ ಆಡಳಿತವೂ ಪ್ರಜೆಗಳ ಪ್ರತಿರೋಧಕ್ಕೆ ಹೊರತಾಗಿರಲಿಲ್ಲ ಎಂಬುದನ್ನು ತೋರಿಸುತ್ತದೆ.

ಈ ಸಂದರ್ಭದಲ್ಲಿ ಬೆಂಗಳೂರಿನ ಪ್ಲೇಗು ಶಿಬಿರದಲ್ಲಿ ದುಡಿದ ವೈದ್ಯ ಡಾ. ಪಲ್ಪು ಅವರ ಹೆಸರು ಉಲ್ಲೇಖಾರ್ಹ. ಈಳವ ಸಮುದಾಯದಲ್ಲಿ ಹುಟ್ಟಿದ ಕಾರಣಕ್ಕೆ ತಮ್ಮ ನಾಡಾದ ತಿರುವಾಂಕೂರಿನ ಸರ್ಕಾರಿ ಸೇವೆಯಲ್ಲಿ ಅವಕಾಶ ಪಡೆಯದ ಅವರು ಮೈಸೂರು ಸಂಸ್ಥಾನದ ವೈದ್ಯಕೀಯ ಸೇವೆಗೆ ಸೇರಿದ್ದರು. ಪ್ರಾಣಭಯವಿದ್ದರೂ ಶಿಬಿರದ ಕೆಲಸವನ್ನು ಬಿಡದ ವೈದ್ಯರೆಂದು ಅವರು ಹೆಸರಾದರು. ಕೇರಳದ ಸಮಾಜಸುಧಾರಣೆಯ ಇತಿಹಾಸದಲ್ಲಿ ಅವರಿಗೆ ದೊರೆತ ಸ್ಥಾನ ಬೆಂಗಳೂರಿನ ನೆನಪಿನಲ್ಲಿ ದೊರೆತಿಲ್ಲವೆಂಬುದು ವಿಷಾದದ ಸಂಗತಿ.

ಅಂಕಿಗಳಲ್ಲಿ ಉಳಿದ ನಗರ

1891ರ ಜನಗಣತಿಯಲ್ಲಿ ಪೇಟೆ ಮತ್ತು ದಂಡುಪ್ರದೇಶಗಳ ಒಟ್ಟು ಜನಸಂಖ್ಯೆ 1,80,366. 1901ರಲ್ಲಿ ಅದು 1,59,046ಕ್ಕೆ ಇಳಿಯಿತು. ಹತ್ತು ವರ್ಷಗಳಲ್ಲಿ 21,320 ಜನರ ಇಳಿಕೆ, ಬೆಳೆಯುತ್ತಲೇ ಬಂದ ನಗರವೊಂದರ ಚರಿತ್ರೆಯಲ್ಲಿ ಅಸಾಮಾನ್ಯವಾದುದು. 1911ರ ವೇಳೆಗೆ ಜನಸಂಖ್ಯೆ 1,89,485ಕ್ಕೆ ಏರಿ ಹಳೆಯ ಮಟ್ಟವನ್ನು ದಾಟಿತು. ಈ ಇಳಿಕೆಯನ್ನು ಸಾವಿನ ಸಂಖ್ಯೆಯೆಂದು ಭಾವಿಸುವುದು ತಪ್ಪಾದೀತು. ಸತ್ತವರೊಂದಿಗೆ ಊರು ಬಿಟ್ಟವರೂ ಇದರಲ್ಲಿ ಸೇರಿದ್ದಾರೆ. ಹಳ್ಳಿಗಳಿಗೆ ಹಿಂದಿರುಗಿದ ಕೂಲಿಗಳು, ನೆಂಟರ ಊರುಗಳಿಗೆ ಹೋದ ಕುಟುಂಬಗಳು, ಊರಾಚೆಯ ಬಯಲಿನಲ್ಲಿ ಗುಡಿಸಲು ಹಾಕಿಕೊಂಡವರು ಎಲ್ಲರೂ ಗಣತಿಯ ಒಂದೇ ಅಂಕಣದಲ್ಲಿ ಕಾಣೆಯಾಗುತ್ತಾರೆ. ಜನಗಣತಿ ದುರಂತದ ಗಾತ್ರವನ್ನು ತಿಳಿಸುತ್ತದೆ, ಆದರೆ ಅದರೊಳಗಿನ ಮನುಷ್ಯರ ವಿವರವನ್ನು ನೀಡುವುದಿಲ್ಲ.

ಬಡಾವಣೆಗಳು: ಎರಡು ಕಾಲದ ವೈದ್ಯಶಾಸ್ತ್ರ

ಪೇಟೆಯ ಇಕ್ಕಟ್ಟನ್ನು ಕಡಿಮೆ ಮಾಡಬೇಕೆಂಬ ಯೋಚನೆ ಪ್ಲೇಗಿಗಿಂತ ಹಿಂದಿನದು. 1892ರಲ್ಲಿ ರೂಪುಗೊಂಡ ಚಾಮರಾಜಪೇಟೆ ಇದಕ್ಕೆ ಸಾಕ್ಷಿ. ಪ್ಲೇಗು ಈ ಯೋಚನೆಯನ್ನು ತುರ್ತಾಗಿಸಿತು. ಪೇಟೆಯ ವಾಯವ್ಯಕ್ಕೆ, 1669ರ ಶಾಸನವಿರುವ ಕಾಡು ಮಲ್ಲೇಶ್ವರ ದೇವಾಲಯದ ಸುತ್ತಿನಲ್ಲಿ ಮಲ್ಲೇಶ್ವರವೂ, ದಕ್ಷಿಣಕ್ಕೆ ದೊಡ್ಡ ಬಸವಣ್ಣನ ಗುಡಿಯ ಬಳಿ ಬಸವನಗುಡಿಯೂ ಬಡಾವಣೆಗಳಾಗಿ ಬೆಳೆದವು. ಒಂದನ್ನೊಂದು ಲಂಬವಾಗಿ ಕತ್ತರಿಸುವ ಮೈನ್ ಮತ್ತು ಕ್ರಾಸ್ ರಸ್ತೆಗಳು, ಪ್ರತಿ ಮನೆಯ ಸುತ್ತ ಬಿಟ್ಟ ಜಾಗ, ಸಾಲುಮರಗಳು, ಉದ್ಯಾನಗಳು ಇವುಗಳ ಲಕ್ಷಣ. ಇಂದಿನ ಬೆಂಗಳೂರಿಗರು ‘ಹಳೆಯ ಬೆಂಗಳೂರಿನ ಸೊಬಗು’ ಎಂದು ಕೊಂಡಾಡುವ ಈ ಲಕ್ಷಣಗಳ ಹಿಂದೆ ಸಾವಿನ ಭಯವಿತ್ತೆಂಬುದು ಗಮನಿಸಬೇಕಾದ ಅಂಶ.

ಈ ಬಡಾವಣೆಗಳನ್ನು ಯೋಜಿಸಿದಾಗ ಪ್ಲೇಗು ಹರಡುವ ಬಗೆ ಇನ್ನೂ ನಿರ್ಧಾರವಾಗಿರಲಿಲ್ಲ. ಚಿಗಟದ ಪಾತ್ರವನ್ನು ಪಾಲ್-ಲೂಯಿ ಸಿಮಂಡ್ 1898ರಲ್ಲಿಯೇ ಪ್ರತಿಪಾದಿಸಿದ್ದರೂ, 1905ರಿಂದ ಮುಂಬಯಿಯಲ್ಲಿ ನಡೆದ ವ್ಯವಸ್ಥಿತ ಪ್ರಯೋಗಗಳ ಬಳಿಕವೇ ಅದು ಸರ್ವಮಾನ್ಯವಾಯಿತು. ಅಲ್ಲಿಯವರೆಗೆ ಕೊಳಕು ಗಾಳಿ, ತೇವ, ಕತ್ತಲೆ, ಜನದಟ್ಟಣೆಗಳನ್ನೇ ರೋಗದ ಮೂಲವೆಂದು ಬಹುಜನ ಅಧಿಕಾರಿಗಳು ನಂಬಿದ್ದರು. ಆದಕಾರಣ ಮಲ್ಲೇಶ್ವರ ಮತ್ತು ಬಸವನಗುಡಿಗಳ ಯೋಜನೆ ಗಾಳಿ ಬೆಳಕುಗಳ ಯೋಜನೆಯಾಯಿತು. ಸಿದ್ಧಾಂತ ಅಪೂರ್ಣವಾಗಿದ್ದರೂ ಫಲ ವ್ಯರ್ಥವಾಗಲಿಲ್ಲ. ಉಗ್ರಾಣದಿಂದ ವಾಸದ ಮನೆಯನ್ನು ಬೇರ್ಪಡಿಸಿದ್ದರಿಂದ ಇಲಿಯಿಂದಲೂ ಮನುಷ್ಯ ಸ್ವಲ್ಪಮಟ್ಟಿಗೆ ದೂರವಾದನು.

ದಂಡುಪ್ರದೇಶದಲ್ಲಿ 1906ರಲ್ಲಿ ಆರಂಭವಾದ ಫ್ರೇಜರ್ ಟೌನ್ ಇದಕ್ಕಿಂತ ಭಿನ್ನ. ರೆಸಿಡೆಂಟ್ ಸ್ಟುವರ್ಟ್ ಫ್ರೇಜರನ ಹೆಸರನ್ನು ಪಡೆದ, ಈಗ ಅಧಿಕೃತವಾಗಿ ಪುಲಿಕೇಶಿನಗರವೆನಿಸಿರುವ ಈ ಬಡಾವಣೆ ರೂಪುಗೊಳ್ಳುವ ವೇಳೆಗೆ ಇಲಿಯೇ ಶತ್ರುವೆಂಬುದು ಸ್ಪಷ್ಟವಾಗತೊಡಗಿತ್ತು. ಆದುದರಿಂದ ಇಲ್ಲಿ ರಸ್ತೆಯ ಅಗಲದೊಡನೆ ಮನೆಯ ಬುನಾದಿಗೂ ಗಮನ ಹರಿಯಿತು. ಇಲಿಗಳು ಬಿಲ ತೋಡಲಾಗದಂಥ ಗಟ್ಟಿ ತಳಪಾಯ ಮತ್ತು ನೆಲವಿರುವ ಮನೆಗಳನ್ನು ಕಟ್ಟುವ ವಿಧಾನ ಬಳಕೆಗೆ ಬಂದಿತು. ಜೆ.ಎಚ್. ಸ್ಟೀಫನ್ಸ್ ಬೆಂಗಳೂರಿನ ಪ್ಲೇಗು ನಿರೋಧಕ ನಗರಯೋಜನೆಯನ್ನು ಕುರಿತು 1914ರಲ್ಲಿ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿದನು. ಹೀಗೆ ಬಸವನಗುಡಿಯಿಂದ ಫ್ರೇಜರ್ ಟೌನಿಗೆ ಹೋಗುವವನು ಹತ್ತು ವರ್ಷಗಳ ಅಂತರದ ಎರಡು ವೈದ್ಯಕೀಯ ತಿಳಿವಳಿಕೆಗಳ ನಡುವೆ ಸಂಚರಿಸುತ್ತಾನೆ.

ಈ ಬಡಾವಣೆಗಳ ನೆನಪು ಸರ್ವರ ನೆನಪಲ್ಲ. ಮಲ್ಲೇಶ್ವರ, ಬಸವನಗುಡಿಗಳಲ್ಲಿ ನಿವೇಶನಗಳನ್ನು ಸಮುದಾಯವಾರು ವಿಂಗಡಿಸಿ ಹಂಚಲಾಯಿತು. ನಿವೇಶನ ಕೊಂಡು ಮನೆ ಕಟ್ಟಿಸುವ ಶಕ್ತಿಯಿದ್ದವರು, ವಿಶೇಷವಾಗಿ ಸರ್ಕಾರಿ ನೌಕರಿಯ ಮಧ್ಯಮವರ್ಗದವರು ಹೊಸ ಬಡಾವಣೆಗೆ ಬಂದರು. ನೇಯ್ಗೆ, ಗಾಣ, ಹಮಾಲಿಗಳನ್ನು ನಂಬಿ ಬದುಕುತ್ತಿದ್ದವರು ದುಡಿಮೆಯ ಸ್ಥಳವನ್ನು ಬಿಡಲಾಗದೆ ಪೇಟೆಯಲ್ಲಿಯೇ ಉಳಿದರು. ಮುಂದಿನ ವರ್ಷಗಳಲ್ಲಿ ಪ್ಲೇಗು ಮತ್ತೆ ಮತ್ತೆ ಮರುಕಳಿಸಿದಾಗ ಅದನ್ನು ಎದುರಿಸಬೇಕಾದವರೂ ಬಹುಪಾಲು ಇವರೇ.

ಹಿತ್ತಲ ಓಣಿ

ಹೊಸ ಬಡಾವಣೆಗಳ ನಕ್ಷೆಯಲ್ಲಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಒಂದು ಕಿರಿದಾದ ಓಣಿಯಿದೆ. ಜನ ಇದನ್ನು ‘ಕನ್ಸರ್ವೆನ್ಸಿ’ ಎಂದೇ ಕರೆಯುತ್ತಾರೆ. ಒಳಚರಂಡಿ ಬರುವ ಮುನ್ನ ಮನೆಗಳ ಹಿತ್ತಲಿನಲ್ಲಿದ್ದ ಕಕ್ಕಸಿನ ಮಲವನ್ನು ಈ ಓಣಿಯ ಮೂಲಕ ಸಾಗಿಸಲಾಗುತ್ತಿತ್ತು. ಆರೋಗ್ಯದ ದೃಷ್ಟಿಯಿಂದ ಇದು ಉಪಯುಕ್ತವಾದ ವ್ಯವಸ್ಥೆ. ಸಾಮಾಜಿಕ ದೃಷ್ಟಿಯಿಂದ ನೋಡಿದಾಗ, ಮಲ ಹೊರುವ ಜಾಡಮಾಲಿ ಮುಂಬಾಗಿಲ ಬೀದಿಯಲ್ಲಿ ಕಾಣದಂತೆ ಮಾಡಿದ ವ್ಯವಸ್ಥೆಯೂ ಹೌದು. ನಗರವನ್ನು ರೋಗದಿಂದ ಕಾಪಾಡುವ ಕೆಲಸ ಯಾರ ಹೆಗಲ ಮೇಲಿತ್ತೋ ಅವರು ನಡೆಯಲು ಬೇರೆಯದೇ ದಾರಿಯನ್ನು ನಕ್ಷೆಯಲ್ಲಿಯೇ ಗುರುತಿಸಲಾಗಿತ್ತು. ಪೇಟೆಯ ಮನೆಗಳನ್ನು ಶುದ್ಧೀಕರಿಸುವ, ಸತ್ತ ಇಲಿಗಳನ್ನು ಎತ್ತುವ, ಶವ ಸಾಗಿಸುವ ಕೆಲಸಗಳೂ ಇದೇ ಸಮುದಾಯಗಳ ಪಾಲಿಗೆ ಬಂದಂಥವು.

1970ರ ದಶಕದಲ್ಲಿ ದೇವರಾಜ ಅರಸು ಅವರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಅನಂತರ 1993 ಮತ್ತು 2013ರಲ್ಲಿ ಈ ಕುರಿತು ಕೇಂದ್ರ ಶಾಸನಗಳು ಬಂದವು. ಒಳಚರಂಡಿ ಬಂದ ಮೇಲೆ ಓಣಿಗಳ ಮೂಲ ಉದ್ದೇಶ ಮುಗಿಯಿತು. ಕೆಲವು ಒತ್ತುವರಿಯಾದವು, ಕೆಲವು ಕಸದ ತಾಣಗಳಾದವು. ಇನ್ನು ಕೆಲವನ್ನು ಶುಚಿಗೊಳಿಸಿ ಬಣ್ಣ ಬಳಿದು ನಡಿಗೆಯ ದಾರಿಯಾಗಿಸುವ ಪ್ರಯತ್ನಗಳು ಇತ್ತೀಚೆಗೆ ಮಲ್ಲೇಶ್ವರದಲ್ಲಿ ನಡೆದಿವೆ. ಪ್ರಯತ್ನ ಸ್ತುತ್ಯರ್ಹ. ಆದರೆ ಆ ಗೋಡೆಗಳ ನಡುವೆ ಹಿಂದೆ ನಡೆದವರು ಯಾರೆಂಬುದನ್ನು ಸೂಚಿಸುವ ಒಂದು ಸಾಲಿನ ಫಲಕವೂ ಅಲ್ಲಿದ್ದರೆ ಆ ಓಣಿ ಅರ್ಥಪೂರ್ಣವಾದ ಸ್ಮಾರಕವಾದೀತು.

ಪ್ಲೇಗಮ್ಮ

ಕರ್ನಾಟಕದ ಜನಪದ ಧರ್ಮದಲ್ಲಿ ಸಾಂಕ್ರಾಮಿಕ ರೋಗವೆಂದರೆ ಮಾರಿಯ ಆಗಮನ. ರೋಗವನ್ನು ತರುವವಳೂ ಅವಳೇ, ಹಿಂತೆಗೆದುಕೊಳ್ಳುವವಳೂ ಅವಳೇ. ಬೇವಿನ ಸೊಪ್ಪು, ತಂಬಿಟ್ಟು, ಮೊಸರನ್ನಗಳಿಂದ ಅವಳನ್ನು ತಣಿಸುವುದು, ಮೆರವಣಿಗೆಯಲ್ಲಿ ಊರ ಗಡಿ ದಾಟಿಸಿ ಕಳುಹಿಸುವುದು ಪ್ರಾಚೀನ ರೂಢಿ. ಸಿಡುಬು, ಕಾಲರಾಗಳಿಗೆ ಸಂಬಂಧಿಸಿದಂತೆ ರೂಢಿಯಲ್ಲಿದ್ದ ಈ ಆಚರಣೆಗೆ ಹೊಸದಾಗಿ ಬಂದ ರೋಗವೂ ಸೇರ್ಪಡೆಯಾಯಿತು. ಸರ್ಕಾರದ ಪ್ರಕಟಣೆಗಳಲ್ಲಿ, ಆಸ್ಪತ್ರೆಯ ಫಲಕಗಳಲ್ಲಿ ಇದ್ದ ಇಂಗ್ಲಿಷ್ ಪದಕ್ಕೆ ‘ಅಮ್ಮ’ ಸೇರಿ ‘ಪ್ಲೇಗಮ್ಮ’ ಹುಟ್ಟಿದಳು. ಬೆಂಗಳೂರಿನ ತ್ಯಾಗರಾಜನಗರದಲ್ಲಿಯೂ ತಮಿಳುನಾಡಿನ ಕೊಯಮತ್ತೂರಿನಲ್ಲಿಯೂ ಪ್ಲೇಗಿನ ಹೆಸರಿನ ದೇವಿಯ ಗುಡಿಗಳಿವೆ.

ಇದನ್ನು ಮೌಢ್ಯವೆಂದು ಕರೆದು ಕೈಬಿಡುವುದು ಸುಲಭ. ಆದರೆ ನೆನಪಿನ ದೃಷ್ಟಿಯಿಂದ ನೋಡಿದಾಗ ಈ ಗುಡಿಗಳ ಮಹತ್ವ ಬೇರೆ. ಸರ್ಕಾರ ಹೊಸ ಬಡಾವಣೆಗಳಿಗೆ ದೇವರ ಮತ್ತು ಅಧಿಕಾರಿಗಳ ಹೆಸರನ್ನಿಟ್ಟಿತು; ಪ್ಲೇಗಿನ ಹೆಸರನ್ನು ಎಲ್ಲಿಯೂ ಉಳಿಸಲಿಲ್ಲ. ರೋಗದ ಹೆಸರನ್ನು ಸಾರ್ವಜನಿಕವಾಗಿ ಉಳಿಸಿದ್ದು ಜನರ ಗುಡಿ. ಇಂದು ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಬೇರೆ ಬೇರೆ ಹರಕೆಗಳನ್ನು ಹೊತ್ತು ಬರುತ್ತಾರೆ. ದೇವಿಯ ಹೆಸರಿನ ಮೂಲ ಅವರಲ್ಲಿ ಎಲ್ಲರಿಗೂ ತಿಳಿದಿರಬೇಕೆಂದಿಲ್ಲ. ಹಾಗಿದ್ದರೂ ಮಗುವೊಂದು ಆ ಹೆಸರಿನ ಅರ್ಥವನ್ನು ಕೇಳಿದಾಗ ಹಿರಿಯರು ಹೇಳಬೇಕಾದ ಉತ್ತರದಲ್ಲಿ 1898 ಇದೆ.

ನೆನಪು ಉಳಿಯುವುದಕ್ಕೆ ಕಾರಣ

ದುರಂತದ ಗಾತ್ರವೊಂದೇ ನೆನಪಿನ ಆಯುಷ್ಯವನ್ನು ನಿರ್ಧರಿಸುವುದಿಲ್ಲ. 1918ರ ಇನ್‌ಫ್ಲುಯೆಂಜಾ ಕೆಲವೇ ತಿಂಗಳುಗಳಲ್ಲಿ ಭಾರತದಲ್ಲಿ ಅಪಾರ ಜೀವಹಾನಿಯನ್ನು ಉಂಟುಮಾಡಿತು. ಮೈಸೂರು ಸಂಸ್ಥಾನವೂ ಅದಕ್ಕೆ ಹೊರತಾಗಿರಲಿಲ್ಲ. ಆದರೂ ಅದು ಬೆಂಗಳೂರಿನ ನಕ್ಷೆಯಲ್ಲಾಗಲಿ ಜನರ ಮಾತಿನಲ್ಲಾಗಲಿ ಪ್ಲೇಗಿನಷ್ಟು ಗುರುತನ್ನು ಬಿಡಲಿಲ್ಲ. ಇದಕ್ಕೆ ಕಾರಣ ಎರಡು. ಮೊದಲನೆಯದಾಗಿ, ಇನ್‌ಫ್ಲುಯೆಂಜಾ ಬಂದು ಹೋಯಿತು. ಪ್ಲೇಗು ದಶಕಗಳ ಕಾಲ ಮರಳಿ ಮರಳಿ ಬಂದಿತು. ಕೋಲಾರ ಜಿಲ್ಲೆಯ ಮುಳಬಾಗಿಲಿನ ಕಡೆ 1966ರವರೆಗೂ ಅದರ ಸುಳಿವಿತ್ತು. ಎರಡನೆಯದಾಗಿ, ಪ್ಲೇಗು ಮನೆಗೆ ಅಂಟಿದ ರೋಗ. ಅದು ಮನೆ ಬಿಡಿಸಿತು, ಊರಾಚೆ ಗುಡಿಸಲು ಹಾಕಿಸಿತು, ಹೊಸ ಊರು ಕಟ್ಟಿಸಿತು. ಸ್ಥಳಕ್ಕೆ ಅಂಟಿದ ಭಯ ಸ್ಥಳದಲ್ಲಿಯೇ ಗುರುತನ್ನು ಬಿಡುತ್ತದೆ. 1965ರಲ್ಲಿ ಪ್ರಕಟವಾದ ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯಲ್ಲಿ ಪ್ಲೇಗು ಮಲೆನಾಡಿನ ಒಂದು ಅಗ್ರಹಾರವನ್ನೇ ಬರಿದುಮಾಡುವ ಸಂಗತಿಯಾಗಿ ಬರುವುದನ್ನು ಇಲ್ಲಿ ನೆನೆಯಬಹುದು.

2020ರ ನಂತರ

2020ರಲ್ಲಿ ಕೋವಿಡ್ ಹರಡಿದಾಗ ಈ ಹಳೆಯ ಗುರುತುಗಳು ಮತ್ತೆ ಬಳಕೆಗೆ ಬಂದವು. ಪ್ಲೇಗಿನ ಕಾಲದ 1897ರ ಕಾಯಿದೆಯ ಅಡಿಯಲ್ಲಿಯೇ ಆ ವರ್ಷದ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ನಿಯಮಗಳನ್ನು ಹೊರಡಿಸಿತು. 1900ರ ಡಿಸೆಂಬರ್‌ನಲ್ಲಿ ವೈಸ್‌ರಾಯ್ ಕರ್ಜನ್ ಉದ್ಘಾಟಿಸಿದ ವಿಕ್ಟೋರಿಯಾ ಆಸ್ಪತ್ರೆಯನ್ನು ಕೋವಿಡ್ ರೋಗಿಗಳಿಗೆ ಮೀಸಲಿಡಲಾಯಿತು. 1898ರಲ್ಲಿ ಪೇಟೆಯ ಕೂಲಿಗಳು ಊರು ಬಿಟ್ಟಂತೆ 2020ರಲ್ಲಿ ಕಟ್ಟಡ ಕಾರ್ಮಿಕರು ಗಂಟುಮೂಟೆಗಳೊಡನೆ ನಗರವನ್ನು ಬಿಟ್ಟರು. ಕೊಯಮತ್ತೂರಿನಲ್ಲಿ 2021ರಲ್ಲಿ ‘ಕೊರೊನಾ ದೇವಿ’ಯ ಪ್ರತಿಷ್ಠೆಯಾಯಿತು. ಪೌರಕಾರ್ಮಿಕರು ಮತ್ತೆ ಮುಂದಿನ ಸಾಲಿನಲ್ಲಿದ್ದರು. ನೂರಿಪ್ಪತ್ತು ವರ್ಷಗಳ ಅಂತರದಲ್ಲಿ ವೈದ್ಯವಿಜ್ಞಾನ ಬಹುದೂರ ಸಾಗಿದ್ದರೂ, ಸಂಕಟ ಬಂದಾಗ ಯಾರಿಗೆ ಮನೆಯೊಳಗೆ ಉಳಿಯುವ ಅನುಕೂಲವಿದೆ, ಯಾರು ಬೀದಿಗೆ ಇಳಿಯಲೇಬೇಕು ಎಂಬ ವಿಂಗಡಣೆ ಹೆಚ್ಚು ಬದಲಾಗಿಲ್ಲವೆಂಬುದನ್ನು ಈ ಹೋಲಿಕೆ ತೋರಿಸುತ್ತದೆ.

ಉಪಸಂಹಾರ

ಒಟ್ಟಿನಲ್ಲಿ, ಬೆಂಗಳೂರಿನಲ್ಲಿ ಪ್ಲೇಗಿನ ನೆನಪು ಒಂದೆಡೆ ಸಿಗುವಂಥದಲ್ಲ. ಜನಗಣತಿಯಲ್ಲಿ ಸಂಖ್ಯೆಯಿದೆ, ಹೆಸರಿಲ್ಲ. ಬಡಾವಣೆಯ ನಕ್ಷೆಯಲ್ಲಿ ಪರಿಹಾರವಿದೆ, ಆದರೆ ಪೇಟೆಯಲ್ಲಿಯೇ ಉಳಿದವರ ಕಥೆಯಿಲ್ಲ. ಹಿತ್ತಲ ಓಣಿಯಲ್ಲಿ ದುಡಿದವರ ಹಾದಿಯಿದ್ದರೂ ಅವರ ಗುರುತಿಲ್ಲ. ಪ್ಲೇಗಮ್ಮನ ಗುಡಿಯಲ್ಲಿ ರೋಗದ ಹೆಸರು ಉಳಿದಿದೆ, ಕಾಲದ ಅರಿವು ಮಸುಕಾಗಿದೆ. ಒಂದೊಂದನ್ನೇ ನೋಡಿದರೆ ನೆನಪು ಅರೆಯಾಗಿಯೇ ಉಳಿಯುತ್ತದೆ. ಆದಕಾರಣ ನಗರದ ಇತಿಹಾಸವನ್ನು ಬರೆಯುವವರು ದಾಖಲೆಗಳೊಡನೆ ಓಣಿ, ಗುಡಿ ಮತ್ತು ಮಾತುಗಳನ್ನೂ ಆಕರವಾಗಿ ಪರಿಗಣಿಸುವುದು ಅಗತ್ಯ. ಹಳೆಯ ಮನೆಗಳು ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಡುತ್ತಿರುವ, ಓಣಿಗಳು ಒತ್ತುವರಿಯಾಗುತ್ತಿರುವ ಇಂದಿನ ದಿನಗಳಲ್ಲಿ ಈ ಕೆಲಸ ತ್ವರಿತವಾಗಿ ನಡೆಯಬೇಕಾಗಿದೆ. ಗಾಳಿ ಬೆಳಕಿಗೆಂದು ಬಿಟ್ಟ ಜಾಗವನ್ನು ಕಟ್ಟಿ ಮುಚ್ಚುವ ನಗರ ಅದನ್ನು ಬಿಟ್ಟ ಕಾರಣವನ್ನೂ ಮರೆಯುತ್ತದೆ. ಆ ಮರೆವಿನ ಬೆಲೆಯನ್ನು ಮುಂದಿನ ಸಾಂಕ್ರಾಮಿಕದಲ್ಲಿ ಮೊದಲು ತೆರಬೇಕಾಗುವವರು ಇಕ್ಕಟ್ಟಿನಲ್ಲಿ ಬದುಕುತ್ತಿರುವವರೇ ಆಗಿರುತ್ತಾರೆ.